ಅರಸಾಳು ಸ್ಟೇಷನ್ನು: ಕಥೆಯ ಊರು, ನಮ್ಮ ಊರು

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಉಪನ್ಯಾಸ ಮಾಲೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ಮಾಲೆಯಲ್ಲಿ ನನಗಿಂತ ಮೊದಲು ಮಾತಾಡಿದವರು ಪಶು ಆಹಾರ, ಕೆಚ್ಚಲು ಬಾವು, ಹಾಲಿನ ಜಿಡ್ಡಿನಂಶ ಇತ್ಯಾದಿ ಉಪಯುಕ್ತ ವಿಷಯಗಳ ಬಗ್ಗೆ ತಿಳಿಸಿಕೊಟ್ಟಿದ್ದಾರೆ. ನನಗೆ ಕಾರ್ಯದರ್ಶಿಗಳು "ಮೇಷ್ಟ್ರೇ, ನೀವು ನಮ್ಮ ಸೀಮೆಯ ಹಳೇದು ಏನಾದ್ರೂ ಹೇಳಿ" ಅಂದರು. ಅರಸಾಳಿನ ಹಳೇ ರೈಲ್ವೆ ಸ್ಟೇಷನ್ನಿನ ಬಗ್ಗೆ ಹೇಳ್ತೀನಿ ಅಂದಾಗ ಅವರ ಮುಖದಲ್ಲಿ ಸ್ವಲ್ಪ ಅನುಮಾನ ಕಂಡಿತು. ಹಾಲಿನ ಸಂಘಕ್ಕೂ ರೈಲಿಗೂ ಏನು ಸಂಬಂಧ ಅಂತ ನಿಮ್ಮಲ್ಲಿಯೂ ಕೆಲವರಿಗೆ ಅನಿಸಬಹುದು. ಸಂಬಂಧ ಇದೆ. ಸ್ವಲ್ಪ ಸಮಾಧಾನದಿಂದ ಕೇಳಬೇಕೆಂದು ವಿನಂತಿ.

ಅರಸಾಳು ಹೊಸನಗರ ತಾಲ್ಲೂಕಿನ ಹಳ್ಳಿ ಎಂಬುದು ನಿಮಗೆಲ್ಲಾ ಗೊತ್ತಿರುವುದೇ. ಅಲ್ಲಿ ಈಗ ಎರಡು ಸ್ಟೇಷನ್ ಕಟ್ಟಡ ಇವೆ. ಒಂದು ಹೊಸದು, ರೈಲು ಬರುವಂಥದ್ದು. ಇನ್ನೊಂದು ಹಳೇ ಹೆಂಚಿನ ಕಟ್ಟಡ, ರೈಲು ಬಾರದ್ದು. ದೂರದ ಊರಿನಿಂದ ಕಾರು ಮಾಡಿಕೊಂಡು ಬರುವವರು ಫೋಟೋ ತೆಗೆಯುವುದು ಈ ರೈಲು ಬಾರದ ಸ್ಟೇಷನ್ನಿನ ಮುಂದೆ! ಅದಕ್ಕೆ ಅವರು ಕರೆಯುವ ಹೆಸರೂ ಅರಸಾಳು ಅಲ್ಲ, ಮಾಲ್ಗುಡಿ. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಅರಸಾಳಿನ ಕಥೆ ಆಗಲಿ.

ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ರೈಲು ಬಂದಿದ್ದು 1899ರಲ್ಲಿ. ಅಲ್ಲಿಗೆ ಬಂದ ಹಳಿ ಮುಂದೆ ಮೂವತ್ತು ವರ್ಷ ಅಲ್ಲೇ ನಿಂತುಬಿಟ್ಟಿತು. ಶಿವಮೊಗ್ಗದ ಆಚೆಗೆ ದಟ್ಟ ಕಾಡು, ಹಳ್ಳಕೊಳ್ಳ, ಜೊತೆಗೆ ಮಲೆನಾಡಿನ ಚಳಿಜ್ವರ. ಈಗಿನ ಹುಡುಗರಿಗೆ ಇದು ಅರ್ಥವಾಗುವುದು ಕಷ್ಟ. ಆ ಕಾಲದಲ್ಲಿ ಮಲೆನಾಡಿಗೆ ವರ್ಗ ಆಯಿತು ಅಂದರೆ ಸರ್ಕಾರಿ ನೌಕರರ ಮನೆಯಲ್ಲಿ ಅಳು ಶುರುವಾಗುತ್ತಿತ್ತಂತೆ. ಮಲೇರಿಯಾದಿಂದ ಪೂರಾ ಪೂರಾ ಮನೆತನಗಳೇ ಅಳಿದವು, ಊರುಗಳು ಪಾಳು ಬಿದ್ದವು. ಅಂಥ ಕಡೆ ಹಳಿ ಹಾಕುವುದು ಅಂದರೆ ಸಾಮಾನ್ಯದ ಕೆಲಸವಲ್ಲ.

ಆದರೂ ಹಾಕಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲ. ಮೈಸೂರು ಸ್ಟೇಟ್ ರೈಲ್ವೆಯ ಹಳಿ 1930ರಲ್ಲಿ ಅರಸಾಳನ್ನು ಮುಟ್ಟಿತು. ಅಲ್ಲಿಂದ ಹಂತ ಹಂತವಾಗಿ ಆನಂದಪುರ, ಸಾಗರ ಆಗಿ 1940ಕ್ಕೆ ತಾಳಗುಪ್ಪಕ್ಕೆ ಹೋಯಿತು. ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಹಳಿ ಮುಂದಕ್ಕೆ ಹೋಗುವ ತನಕ ಕೆಲವು ವರ್ಷ ಅರಸಾಳೇ ಕೊನೆಯ ಸ್ಟೇಷನ್ನು. ಕೊನೆಯ ಸ್ಟೇಷನ್ ಅಂದಮೇಲೆ ಗಾಡಿ ಅಲ್ಲಿಂದಲೇ ತಿರುಗಬೇಕು, ಅಲ್ಲಿಯೇ ಸಾಮಾನು ಇಳಿಯಬೇಕು, ಮುಂದಿನ ಊರಿನವರೆಲ್ಲ ಅಲ್ಲಿಗೇ ಬರಬೇಕು. ರಿಪ್ಪನ್‌ಪೇಟೆಯವರಿಗೆ, ಹುಂಚಕ್ಕೆ ಹೋಗುವ ಯಾತ್ರಿಕರಿಗೆ ಹತ್ತಿರದ ಸ್ಟೇಷನ್ನೂ ಅದೇ. ಈಗ ನೋಡಿದರೆ ಅಷ್ಟು ಸಣ್ಣ ಹಳ್ಳಿ, ಆಗ ಕೆಲಕಾಲ ಈ ಭಾಗದ ಹೆಬ್ಬಾಗಿಲು ಆಗಿತ್ತು.

ಈ ರೈಲನ್ನು ಯಾತಕ್ಕಾಗಿ ತಂದರು? ನಮ್ಮ ನಿಮ್ಮ ಓಡಾಟಕ್ಕೆ ಅಂತ ತಿಳಿದರೆ ಅದು ಪೂರ್ತಿ ನಿಜವಾಗಲಾರದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತು. ಅಲ್ಲಿ ಅದಿರು ಕರಗಿಸುತ್ತಿದ್ದುದು ಕಲ್ಲಿದ್ದಲಿನಿಂದ ಅಲ್ಲ, ಕಾಡಿನ ಸೌದೆ ಸುಟ್ಟ ಇದ್ದಿಲಿನಿಂದ. ಅದೇ ಭದ್ರಾವತಿಯಲ್ಲಿ 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು, ಅದಕ್ಕೆ ಬಿದಿರು ಬೇಕು. ಕುಂಸಿ ಸುತ್ತ ಮ್ಯಾಂಗನೀಸ್ ಗಣಿ. ಆ ಕಡೆ ಜೋಗದಲ್ಲಿ ಮೊದಲ ವಿದ್ಯುದಾಗಾರದ ಕೆಲಸ 1939ರಲ್ಲಿ ಆರಂಭವಾಗಿ 1948ರಲ್ಲಿ ವಿದ್ಯುತ್ ಬಂತು. ಜೋಗಕ್ಕೆ ಹತ್ತಿರದ ತಾಳಗುಪ್ಪಕ್ಕೆ ಹಳಿ ಮುಟ್ಟಿದ ಇಸವಿ ಇದರ ನಡುವೆಯೇ ಬರುತ್ತದೆ. ಈ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ರೈಲು ಯಾಕೆ ಬಂತು ಅಂತ ನಿಮಗೇ ತಿಳಿಯುತ್ತೆ. ನಮ್ಮ ಕಾಡು ಕೆಳಗೆ ಹೋಯಿತು, ಯಂತ್ರ ಮೇಲಕ್ಕೆ ಬಂತು. ಮಧ್ಯದಲ್ಲಿ ಎರಡು ಬೋಗಿಯಲ್ಲಿ ನಾವೂ ಕೂತೆವು ಅಷ್ಟೆ.

ಆದರೆ ಕೂತ ಮೇಲೆ ನಮ್ಮವರು ಅದರ ಪ್ರಯೋಜನ ಚೆನ್ನಾಗಿಯೇ ತೆಗೆದುಕೊಂಡರು. ನಮ್ಮ ತಂದೆಯವರ ಕಾಲದಲ್ಲಿ ಅಡಿಕೆ ಸುಗ್ಗಿ ಮುಗಿದ ಮೇಲೆ ರಾತ್ರಿಯೇ ಎತ್ತಿನ ಗಾಡಿ ಕಟ್ಟಿ, ಗಾಡಿಯ ಕೆಳಗೆ ಲಾಟೀನು ತೂಗುಹಾಕಿಕೊಂಡು, ಬೆಳಗಿನ ರೈಲಿನ ಹೊತ್ತಿಗೆ ಸ್ಟೇಷನ್ ಸೇರುತ್ತಿದ್ದರಂತೆ. ಹೋಗುವಾಗ ಅಡಿಕೆ ಮೂಟೆ, ಬರುವಾಗ ಉಪ್ಪು, ಸೀಮೆಎಣ್ಣೆ, ಬಟ್ಟೆ. ರೈಲು ಬರುವ ಮೊದಲು ಅಡಿಕೆ ಬೆಳೆಗಾರನ ಸ್ಥಿತಿ ಹೇಗಿತ್ತು ಅಂದರೆ, ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ್ದೇ ದರ. ಮುಂಗಡ ಸಾಲ ಅವನದೇ, ತೂಕವೂ ಅವನದೇ. ಶಿವಮೊಗ್ಗದ ಮಂಡಿಯ ಧಾರಣೆ ಏನು ಅಂತ ತಿಳಿಯುವುದಕ್ಕೇ ವಾರ ಬೇಕಿತ್ತು. ರೈಲು ಬಂದ ಮೇಲೆ ಬೆಳಿಗ್ಗೆ ಹೋದವನು ಸಂಜೆಗೆ ಬಂದು ದರ ಹೇಳುತ್ತಿದ್ದ.

ನಮ್ಮ ಸಹಕಾರಿ ಬಂಧುಗಳು ಇಲ್ಲಿ ಒಂದು ಇಸವಿಯನ್ನು ನೆನಪಿಟ್ಟುಕೊಳ್ಳಬೇಕು. ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ನಮ್ಮ ಮಾಮ್ಕೋಸ್, ಶಿವಮೊಗ್ಗದಲ್ಲಿ ಸ್ಥಾಪನೆಯಾಗಿದ್ದು 1939ರಲ್ಲಿ. ಅಂದರೆ ಅರಸಾಳಿಗೆ ರೈಲು ಬಂದು ಒಂಬತ್ತು ವರ್ಷಕ್ಕೆ, ತಾಳಗುಪ್ಪ ಮುಟ್ಟುವುದಕ್ಕೆ ಒಂದು ವರ್ಷ ಮೊದಲು. ರೈಲಿನಿಂದಲೇ ಮಾಮ್ಕೋಸ್ ಆಯಿತು ಅಂತ ನಾನು ಹೇಳುವುದಿಲ್ಲ. ಅದನ್ನು ಕಟ್ಟಿದ ಹಿರಿಯರ ಶ್ರಮಕ್ಕೆ ಅದು ಅನ್ಯಾಯ. ಆದರೆ ಬೇರೆ ಬೇರೆ ಸೀಮೆಯ ಬೆಳೆಗಾರರು ಒಂದೇ ಬೋಗಿಯಲ್ಲಿ ಎದುರುಬದುರು ಕೂತು "ನಿನಗೆ ಎಷ್ಟು ಕೊಟ್ಟ? ನನಗೆ ಇಷ್ಟೇ ಕೊಟ್ಟ" ಅಂತ ಮಾತಾಡಿಕೊಂಡಿದ್ದು ಸುಮ್ಮನೆ ಹೋಗಿರಲಾರದು ಎಂದು ನನ್ನ ಅಭಿಪ್ರಾಯ. ಇದೇ ನಾನು ಮೊದಲು ಹೇಳಿದ ಸಂಬಂಧ.

ಇನ್ನು ಆ ಕಾಲದ ಸ್ಟೇಷನ್ ಅಂದರೆ ಹೇಗಿರುತ್ತಿತ್ತು ಅಂತ ಹುಡುಗರಿಗಾಗಿ ಸ್ವಲ್ಪ ಹೇಳಬೇಕು. ಈಗ ಮೊಬೈಲಿನಲ್ಲಿ ರೈಲು ಎಲ್ಲಿದೆ ಅಂತ ನೋಡುತ್ತೀರಿ. ಆಗ ಒಂದು ಹಳಿಯ ತುಂಡನ್ನು ಮಾಡಿಗೆ ತೂಗುಹಾಕಿರುತ್ತಿದ್ದರು. ಹಿಂದಿನ ಸ್ಟೇಷನ್ನಿನಿಂದ ಗಾಡಿ ಬಿಟ್ಟ ಸುದ್ದಿ ಬಂದ ಕೂಡಲೇ ಕಬ್ಬಿಣದ ಸಲಾಕೆಯಿಂದ ಅದಕ್ಕೆ ಟಣ್ ಟಣ್ ಅಂತ ಬಾರಿಸುವುದು. ಗಾಳಿ ಇದ್ದರೆ ಗದ್ದೆಯಲ್ಲಿ ಇದ್ದವರಿಗೂ ಕೇಳಿಸುತ್ತಿತ್ತು. ಟಿಕೆಟ್ಟು ಅಂದರೆ ಹೆಬ್ಬೆರಳಿನಷ್ಟು ಉದ್ದದ ಗಟ್ಟಿ ರಟ್ಟು. ಸ್ಟೇಷನ್ ಮಾಸ್ತರು ಅದನ್ನು ಒಂದು ಕಬ್ಬಿಣದ ಯಂತ್ರದ ಸಂದಿಗೆ ಹಾಕಿ ಕಟಕ್ ಅನ್ನಿಸಿದರೆ ತಾರೀಖು ಒತ್ತುತ್ತಿತ್ತು. ನನ್ನ ಹತ್ತಿರ ಶಾಲೆಗೆ ಬರುತ್ತಿದ್ದ ಹುಡುಗರು ಆ ರಟ್ಟು ಕೂಡಿಹಾಕಿ ಆಟ ಆಡುತ್ತಿದ್ದರು. ಈಗ ಒಂದು ಹುಡುಕಿದರೂ ಸಿಗಲ್ಲ.

ಇನ್ನೊಂದು ವಸ್ತು ಟೋಕನ್. ಆ ಕಾಲದಲ್ಲಿ ಒಂಟಿ ಹಳಿಯ ದಾರಿಯಲ್ಲಿ ಎದುರಿನಿಂದ ಇನ್ನೊಂದು ಗಾಡಿ ಬಂದರೆ ಗತಿ ಏನು? ಅದಕ್ಕೆ ಎರಡು ಸ್ಟೇಷನ್ನಿನಲ್ಲಿ ಒಂದೊಂದು ಪೆಟ್ಟಿಗೆ, ಅದರೊಳಗೆ ಕಬ್ಬಿಣದ ಚೆಂಡುಗಳು. ಎರಡು ಪೆಟ್ಟಿಗೆಗೂ ತಂತಿಯ ಸಂಪರ್ಕ. ಆ ಕಡೆಯ ಮಾಸ್ತರು ಒಪ್ಪಿಗೆ ಕೊಟ್ಟರೆ ಮಾತ್ರ ಈ ಕಡೆ ಒಂದು ಚೆಂಡು ಹೊರಗೆ ಬರುತ್ತೆ. ಅದು ಹೊರಗೆ ಇರುವ ತನಕ ಎರಡರಲ್ಲಿ ಯಾವ ಪೆಟ್ಟಿಗೆಯಿಂದಲೂ ಇನ್ನೊಂದು ಬರುವುದಿಲ್ಲ. ಆ ಚೆಂಡನ್ನು ಚರ್ಮದ ಚೀಲಕ್ಕೆ ಹಾಕಿ, ದೊಡ್ಡ ಬಳೆಯಂಥ ಹಿಡಿಕೆಗೆ ಕಟ್ಟಿ ಡ್ರೈವರಿಗೆ ಕೊಡುವುದು. ಅದು ಕೈಯಲ್ಲಿ ಇಲ್ಲದೆ ಇಂಜಿನ್ ಮುಂದೆ ಹೋಗುವ ಹಾಗಿಲ್ಲ. ನಮ್ಮ ಸಂಘದ ತಿಜೋರಿಗೆ ಎರಡು ಬೀಗದ ಕೈ ಇಟ್ಟು ಒಂದು ಅಧ್ಯಕ್ಷರ ಹತ್ತಿರ, ಒಂದು ಕಾರ್ಯದರ್ಶಿ ಹತ್ತಿರ ಇಟ್ಟಿದ್ದೇವಲ್ಲ, ಅದೇ ಉಪಾಯ.

1951ರಲ್ಲಿ ಮೈಸೂರು ಸ್ಟೇಟ್ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ವಿಲೀನ ಆಯಿತು. ಬೋರ್ಡು ಬದಲಾಯಿತು, ಗಾಡಿ ಅದೇ, ನಿಧಾನವೂ ಅದೇ. ರೈಲು ಏರು ಹತ್ತುವಾಗ ಇಳಿದು ನೆಲ್ಲಿಕಾಯಿ ಕಿತ್ತುಕೊಂಡು ಮತ್ತೆ ಹತ್ತಬಹುದಿತ್ತು ಅಂತ ಹೇಳುವವರು ಇದ್ದಾರೆ. ಇದನ್ನು ಊರಿಗೊಂದು ಕಾಯಿಯ ಹೆಸರಿನಲ್ಲಿ ಕೇಳಿದ್ದೇನೆ, ಹಾಗಾಗಿ ನೀವು ನಂಬಬೇಕೆಂಬ ಒತ್ತಾಯ ನನ್ನದಲ್ಲ.

ಆಮೇಲೆ ಲಾರಿ ಬಂತು, ಬಸ್ಸು ಬಂತು. ತುಮಕೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿ ಸರಿಯಾದ ಮೇಲೆ ಅಡಿಕೆ ಮೂಟೆ ಮನೆಯ ಅಂಗಳದಿಂದಲೇ ಲಾರಿ ಹತ್ತಿತು. ತಾಳಗುಪ್ಪದಿಂದ ಮುಂದೆ ಘಟ್ಟ ಇಳಿದು ಸಮುದ್ರದ ಕಡೆಗೆ ಹೋಗಬೇಕೆಂಬ ಮಾತು ಹಳೆಯದು, ಆದರೆ ಹಳಿ ಅಲ್ಲಿಂದ ಮುಂದೆ ಹೋಗಲೇ ಇಲ್ಲ. ಮುಂದೆ ದಾರಿ ಇಲ್ಲದ ರೈಲಿಗೆ ಸಾಮಾನು ಎಲ್ಲಿಂದ ಬರಬೇಕು?

ಕೊನೆಯ ಪೆಟ್ಟು ಬಿದ್ದದ್ದು ಒಳ್ಳೆಯ ಉದ್ದೇಶದಿಂದಲೇ. ನಮ್ಮ ರಾಜ್ಯದವರೇ ಆದ ಸಿ.ಕೆ. ಜಾಫರ್ ಷರೀಫ್ ಅವರು ರೈಲ್ವೆ ಮಂತ್ರಿ ಆಗಿದ್ದಾಗ, 1992ರಲ್ಲಿ, ದೇಶದ ಎಲ್ಲ ಹಳಿಯೂ ಒಂದೇ ಅಗಲ ಇರಬೇಕು ಅಂತ ಯೂನಿಗೇಜ್ ಯೋಜನೆ ಶುರು ಮಾಡಿದರು. ಮೀಟರ್ ಗೇಜ್ ಅಂದರೆ ಹಳಿಯಿಂದ ಹಳಿಗೆ ಒಂದು ಮೀಟರ್ ಅಗಲ. ಬ್ರಾಡ್ ಗೇಜ್ ಅಂದರೆ 1676 ಮಿಲಿಮೀಟರ್, ನಮ್ಮ ಲೆಕ್ಕದಲ್ಲಿ ಐದೂವರೆ ಅಡಿ. ಬೀರೂರು–ಶಿವಮೊಗ್ಗ ದಾರಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು, ಒಳ್ಳೆಯದೇ ಆಯಿತು. ಆದರೆ ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ಸುಮಾರು 97 ಕಿಲೋಮೀಟರ್ ಹಳೇ ಹಳಿಯಾಗಿಯೇ ಉಳಿಯಿತು. ಸುತ್ತ ನೀರು ಬಂದು ನಡುವೆ ಉಳಿದ ದಿಬ್ಬದ ಹಾಗೆ. ಇಲ್ಲಿನ ಬೋಗಿ ಅಲ್ಲಿಗೆ ಹೋಗುವ ಹಾಗಿಲ್ಲ, ಅಲ್ಲಿನದು ಇಲ್ಲಿಗೆ ಬರುವ ಹಾಗಿಲ್ಲ. ಆ ದಿಬ್ಬದ ಮೇಲೆ ಓಡಿದ್ದೇ ರೈಲ್‌ಬಸ್ಸು. ಬಸ್ಸಿನ ಮೈ, ರೈಲಿನ ಗಾಲಿ. ನಮ್ಮ ಸಂಘ ಹುಟ್ಟಿದ ಕಾಲಕ್ಕೆ ಅದೇ ಓಡುತ್ತಿತ್ತು. ಇಲ್ಲಿ ಕೂತಿರುವ ಅನೇಕ ತಾಯಂದಿರು ಮಗುವನ್ನು ಎತ್ತಿಕೊಂಡು ಅದರಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಹೋದವರೇ. ಮಕ್ಕಳಿಗೆ ಅದು ಆಟದ ರೈಲು, ದೊಡ್ಡವರಿಗೆ ನಗೆ. ನಿಂತ ಮೇಲೆ ಮಾತ್ರ ಎಲ್ಲರೂ ನೆನೆಸಿಕೊಂಡರು.

ಕೊನೆಗೆ ಈ ಭಾಗದ ಕೆಲಸವೂ ಆಗಿ 2011ರಲ್ಲಿ ತಾಳಗುಪ್ಪದ ತನಕ ಬ್ರಾಡ್ ಗೇಜ್ ಗಾಡಿ ಬಂತು. ಹೊಸ ಹಳಿಗೆ ಹೊಸ ಸ್ಟೇಷನ್. ಅರಸಾಳಿನ ಹಳೇ ಕಟ್ಟಡಕ್ಕೆ ಕೆಲಸ ಇಲ್ಲದಂತಾಯಿತು. ಮಲೆನಾಡಿನಲ್ಲಿ ಬೀಗ ಹಾಕಿದ ಕಟ್ಟಡದ ಪಾಡು ನಿಮಗೆ ಹೇಳಬೇಕಾಗಿಲ್ಲ. ಒಂದು ಮಳೆಗಾಲಕ್ಕೆ ಹೆಂಚು ಜಾರುತ್ತೆ, ಎರಡನೇ ಮಳೆಗಾಲಕ್ಕೆ ರೀಪು ಲಡ್ಡಾಗುತ್ತೆ, ಮೂರನೆಯದಕ್ಕೆ ಗೋಡೆಯಲ್ಲಿ ಅಶ್ವತ್ಥದ ಗಿಡ. ಈ ಕಟ್ಟಡವೂ ಅದೇ ದಾರಿ ಹಿಡಿದಿತ್ತು. ಇದನ್ನು ಉಳಿಸಿದ್ದು ನಾವಲ್ಲ, ಒಂದು ಟೀವಿ ಧಾರಾವಾಹಿ.

ಆರ್.ಕೆ. ನಾರಾಯಣ್ ಅವರು ಇಂಗ್ಲಿಷಿನಲ್ಲಿ ಬರೆದ ಮಾಲ್ಗುಡಿಯ ಕಥೆಗಳನ್ನು ನಮ್ಮ ಶಂಕರ್ ನಾಗ್ ಅವರು 'ಮಾಲ್ಗುಡಿ ಡೇಸ್' ಅಂತ ಧಾರಾವಾಹಿ ಮಾಡಿದರು. 1986–87ರಲ್ಲಿ ದೂರದರ್ಶನದಲ್ಲಿ ಬಂತು. ಆಗ ಊರಿಗೆ ಒಂದೋ ಎರಡೋ ಟೀವಿ, ಜಗುಲಿ ತುಂಬಾ ಜನ. ಚಿತ್ರೀಕರಣದ ಬಹುಭಾಗ ಆಗುಂಬೆಯಲ್ಲಿ. ಆದರೆ ಆಗುಂಬೆಗೆ ರೈಲು ಎಲ್ಲಿದೆ? ಮಾಲ್ಗುಡಿಗೆ ಮಾತ್ರ ಸ್ಟೇಷನ್ ಬೇಕೇ ಬೇಕು. ಅದಕ್ಕಾಗಿ ಅರಸಾಳಿಗೆ ಬಂದರು. ಹೀಗೆ ನಮ್ಮ ಸ್ಟೇಷನ್ನು ಬೋರ್ಡು ಬದಲಾಯಿಸಿ ಮಾಲ್ಗುಡಿಯ ವೇಷ ಹಾಕಿತು. ಶಂಕರ್ ನಾಗ್ ಅವರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದರು. ಆದರೆ ಆ ಧಾರಾವಾಹಿಯನ್ನು ಜನ ಮರೆಯಲಿಲ್ಲ. ಆ ನೆನಪಿನ ಬಲದಿಂದಲೇ ನೈಋತ್ಯ ರೈಲ್ವೆಯ ಮೈಸೂರು ವಿಭಾಗದವರು ಹಳೇ ಕಟ್ಟಡವನ್ನು ದುರಸ್ತಿ ಮಾಡಿಸಿ 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಅಂತ ತೆರೆದರು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಈ ಕೆಲಸವನ್ನೂ ಮಾಡಿಕೊಟ್ಟಿದ್ದು. ಇದಕ್ಕಾಗಿ ಸಂಬಂಧಪಟ್ಟ ಎಲ್ಲರಿಗೂ ನಾವು ಕೃತಜ್ಞರಾಗಿರಬೇಕು.

ಇಲ್ಲಿ ಒಂದು ವಿಚಿತ್ರ ಹೊಂದಿಕೆ ಇದೆ. ನಾರಾಯಣ್ ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವ ಪ್ರಕಾರ, 1930ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬರೆಯಲು ಕೂತಾಗ ಅವರ ಮನಸ್ಸಿಗೆ ಮಾಲ್ಗುಡಿ ಬಂದಿದ್ದು ಒಂದು ಸಣ್ಣ ರೈಲ್ವೆ ಸ್ಟೇಷನ್ನಿನ ರೂಪದಲ್ಲಿ. ಅರಸಾಳಿಗೆ ರೈಲು ಬಂದ ಇಸವಿಯೂ 1930. ಅವರು ಅರಸಾಳನ್ನು ನೋಡಿ ಬರೆದರು ಅಂತ ದಯವಿಟ್ಟು ಯಾರೂ ಹೇಳಿಕೊಂಡು ಹೋಗಬೇಡಿ, ಹಾಗಿಲ್ಲ. ಒಂದೇ ವರ್ಷದಲ್ಲಿ ಒಂದು ಸ್ಟೇಷನ್ ಕಾಗದದ ಮೇಲೆ ಹುಟ್ಟಿತು, ಇನ್ನೊಂದು ಕಾಡಿನ ನಡುವೆ ಹುಟ್ಟಿತು, ಐವತ್ತೈದು ವರ್ಷದ ಆಚೆ ಎರಡೂ ಒಂದೇ ಪರದೆಯ ಮೇಲೆ ಸೇರಿದವು ಅಷ್ಟೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತು. ಸ್ಟೇಷನ್ನಿನ ಹೆಸರನ್ನೇ ಮಾಲ್ಗುಡಿ ಅಂತ ಬದಲಾಯಿಸುವ ಸುದ್ದಿ ಕೂಡ ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತು. ಮಾಲ್ಗುಡಿಯ ಮೇಲೆ ನನಗೂ ಪ್ರೀತಿ ಇದೆ, ಸ್ವಾಮಿ ಮತ್ತು ಅವನ ಸ್ನೇಹಿತರ ಪಾಠವನ್ನು ಎಷ್ಟೋ ವರ್ಷ ಮಕ್ಕಳಿಗೆ ಸಂತೋಷದಿಂದ ಹೇಳಿದವನು ನಾನು. ಆದರೆ ಸ್ವಾಮಿ ಕಥೆಯ ಹುಡುಗ. ಆ ಪ್ಲಾಟ್‌ಫಾರಂ ಮೇಲೆ ಅಡಿಕೆ ಮೂಟೆ ಹೊತ್ತ ಹಮಾಲರು, ಮಳೆಯಲ್ಲಿ ರಾತ್ರಿಯೆಲ್ಲ ಹಳಿಯ ಮೇಲೆ ಲಾಟೀನು ಹಿಡಿದು ನಡೆದ ಗ್ಯಾಂಗ್‌ಮನ್‌ಗಳು, ಮದುವೆಯಾಗಿ ಬಂದು ಆ ಸ್ಟೇಷನ್ನಿನಲ್ಲಿ ಇಳಿದ ನಮ್ಮ ಅಜ್ಜಿಯಂದಿರು, ಇವರು ನಿಜವಾಗಿ ಬದುಕಿದವರು. ಇವರ ವಿಷಯವನ್ನು ಆರ್.ಕೆ. ನಾರಾಯಣ್ ಬರೆಯಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಅದು ನಮ್ಮ ಕೆಲಸ. ಕಥೆಯ ಊರಿಗೆ ಇಡೀ ಕಟ್ಟಡ ಸಿಕ್ಕಿದೆ. ನಿಜವಾದ ಊರಿಗೆ ಅದರಲ್ಲಿ ಒಂದು ಗೋಡೆಯನ್ನಾದರೂ ನಾವು ಕೇಳಬೇಕು. ಕೇಳುವ ಮೊದಲು ಆ ಗೋಡೆಗೆ ಹಾಕುವುದಕ್ಕೆ ನಮ್ಮ ಕೈಯಲ್ಲಿ ಏನಾದರೂ ಇರಬೇಕು.

ಎರಡನೆಯದು ನಿಲುಗಡೆಯ ವಿಷಯ. ಕಟ್ಟಡ ಉಳಿಯಿತು ಅಂದಮಾತ್ರಕ್ಕೆ ರೈಲು ಉಳಿಯುವುದಿಲ್ಲ. ಅರಸಾಳು, ಕುಂಸಿಯಲ್ಲಿ ಎಕ್ಸ್‌ಪ್ರೆಸ್ ಗಾಡಿ ನಿಲ್ಲಬೇಕೆಂದು ಜನ ಕೇಳಿ ಕೇಳಿ, ಕೆಲವು ಗಾಡಿಗಳಿಗೆ ತಾತ್ಕಾಲಿಕ ನಿಲುಗಡೆ ಕೊಟ್ಟು ಅವಧಿ ಮುಂದುವರಿಸಿದ್ದಾರೆ. ತಾತ್ಕಾಲಿಕ ಅನ್ನುವ ಶಬ್ದವನ್ನು ಗಮನಿಸಿ. ಅಲ್ಲಿ ಎಷ್ಟು ಜನ ಹತ್ತಿದರು ಅಂತ ಯಾರೂ ನಿಂತು ಎಣಿಸುವುದಿಲ್ಲ. ಎಷ್ಟು ಟಿಕೆಟ್ ಮಾರಾಟ ಆಯಿತು ಅಂತ ನೋಡುತ್ತಾರೆ. ನಮ್ಮ ಹಾಲಿನ ರೂಟಿನ ವಿಷಯವೇ ತೆಗೆದುಕೊಳ್ಳಿ. ಊರಲ್ಲಿ ನೂರು ಲೀಟರ್ ಹಾಲು ಕರೆದು ಸಂಘಕ್ಕೆ ಇಪ್ಪತ್ತು ಹಾಕಿ ಉಳಿದದ್ದನ್ನು ಹೋಟೆಲಿಗೆ ಕೊಟ್ಟರೆ, ಒಕ್ಕೂಟದವರ ಪುಸ್ತಕದಲ್ಲಿ ನಮ್ಮ ಊರು ಇಪ್ಪತ್ತು ಲೀಟರಿನ ಊರೇ. ವ್ಯಾನು ಬರುವುದು ನಿಂತರೆ ಯಾರನ್ನು ದೂರುವುದು? ಅದೇ ರೀತಿ, ಗಾಡಿ ಹತ್ತುವವರು ಟಿಕೆಟ್ ತೆಗೆದುಕೊಂಡೇ ಹತ್ತಬೇಕು, ಅದನ್ನೂ ಅರಸಾಳಿನ ಹೆಸರಿನಲ್ಲೇ ತೆಗೆದುಕೊಳ್ಳಬೇಕು. ಶಿವಮೊಗ್ಗದಿಂದ ಆನಂದಪುರಕ್ಕೆ ಅಂತ ಟಿಕೆಟ್ ತೆಗೆದುಕೊಂಡು ಅರಸಾಳಿನಲ್ಲಿ ಇಳಿದರೆ ಆ ಲೆಕ್ಕ ನಮ್ಮ ಸ್ಟೇಷನ್ನಿಗೆ ಬರುವುದಿಲ್ಲ.

ಅಧ್ಯಕ್ಷರ ಅಪ್ಪಣೆ ಪಡೆದು ಒಂದು ಪ್ರಕಟಣೆ ಮಾಡಿ ಕೂರುತ್ತೇನೆ. ಸಂಘದ ಕಚೇರಿಯಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿಸಿದ್ದೇನೆ. ಹಾಲು ಹಾಕಲು ಬಂದಾಗ ನಿಮ್ಮ ಮನೆಯ ಹಿರಿಯರಿಗೆ ಸ್ಟೇಷನ್ನಿನ ಬಗ್ಗೆ ಏನು ನೆನಪಿದೆಯೋ ಅದನ್ನು ಬರೆಸಿ. ಬರೆಯಲು ಬಾರದವರು ಹೇಳಿದರೆ ಸಾಕು, ನಮ್ಮ ಹೈಸ್ಕೂಲು ಮಕ್ಕಳು ಬರೆದುಕೊಳ್ಳುತ್ತಾರೆ. ನನಗೆ ಮುಖ್ಯವಾಗಿ ಬೇಕಾಗಿರುವುದು ಇವು: ತೂಕದ ಕಾಟಾ ಯಾವ ಮೂಲೆಯಲ್ಲಿತ್ತು, ಸೌದೆಯ ರಾಶಿ ಎಲ್ಲಿ ಹಾಕುತ್ತಿದ್ದರು, ಕುಡಿಯುವ ನೀರು ಎಲ್ಲಿಂದ ತರುತ್ತಿದ್ದರು, ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಕಾಫಿಗೆ ಎಷ್ಟು, ಹಮಾಲಿ ಮಾಡುತ್ತಿದ್ದವರು ಯಾವ ಯಾವ ಊರಿನವರು. ಹಳೇ ಟಿಕೆಟ್ಟು, ಮದುವೆ ದಿಬ್ಬಣದ ಫೋಟೋ, ಮೂಟೆ ಕಳಿಸಿದ ರಸೀದಿ ಇದ್ದರೆ ತಂದು ತೋರಿಸಿ, ನಕಲು ತೆಗೆಸಿಕೊಂಡು ಅಸಲನ್ನು ನಿಮ್ಮ ಕೈಗೇ ಕೊಡುತ್ತೇವೆ. ತೊಂಬತ್ತು ದಾಟಿದ ಮೂರು ಜನ ನಮ್ಮ ಊರಿನಲ್ಲೇ ಇದ್ದಾರೆ. ಅವರ ಮನೆಗೆ ಈ ವಾರವೇ ನಾನು ಹೋಗುತ್ತೇನೆ, ಜೊತೆಗೆ ಬರುವ ಹುಡುಗರು ಭಾಷಣ ಮುಗಿದ ಮೇಲೆ ಹೆಸರು ಕೊಡಿ.

ಊಟ ತಯಾರಾಗಿದೆ ಅಂತ ಹೇಳಲು ಕಾರ್ಯದರ್ಶಿಗಳು ಆಗಲೇ ಸನ್ನೆ ಮಾಡುತ್ತಿದ್ದಾರೆ.